ದಣಿವಿಲ್ಲದ ಕಡಲ ರಜೆ: ಕೆರಿಬಿಯನ್ ಸ್ಕೂಬಾ ಪ್ರವಾಸದ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಹ್ಯೂಸ್ಟನ್‌ನಲ್ಲಿ ನೆಲೆಸಿ ಹದಿನೈದು ವರ್ಷಗಳಾದವು. ನನಗೆ 49, ಅವರಿಗೆ 53. ಊರಿಗೆ ಬಂದಿದ್ದಾಗ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ನೀರಿನೊಳಗೆ ಇಳಿದೆವು. ಆ ರುಚಿ ಹತ್ತಿದ ಮೇಲೆ ಇಲ್ಲಿಯೇ ಕಲಿತು ಓಪನ್ ವಾಟರ್ ಎಂಬ ಮೊದಲ ಹಂತದ ಡೈವ್ ಪ್ರಮಾಣಪತ್ರ ಪಡೆದಿದ್ದೇವೆ. ಇಬ್ಬರದೂ ಹದಿನಾಲ್ಕು ಡೈವ್ ಆಗಿದೆ, ಆದರೆ ಎರಡು ವರ್ಷಗಳಿಂದ ನೀರಿಗೆ ಇಳಿದಿಲ್ಲ. ಹಿಂದಿನ ಪ್ರವಾಸದಲ್ಲಿ ದಿನವೂ ಆರು ಗಂಟೆಗೆ ಎದ್ದು ದೋಣಿಗೆ ಓಡುವುದು, ಸಂಜೆ ಸಾಮಾನು ತೊಳೆದು ಒಣಗಿಸುವುದು, ನಡುವೆ ಹೋಟೆಲ್ ಬದಲಿಸುವುದು, ಇದರಲ್ಲಿಯೇ ವಾರ ಕಳೆದುಹೋಯಿತು. ಯಜಮಾನರಿಗೆ ಈಗ ಮೊಣಕಾಲು ನೋವು ಬೇರೆ. ಒಂದು ವಾರದ ಬಿಡುವಿದೆ. ಕೆರಿಬಿಯನ್‌ನಲ್ಲಿ ಹೆಚ್ಚು ಓಡಾಟವಿಲ್ಲದೆ ಡೈವ್ ಮಾಡಲು ಎಲ್ಲಿಗೆ ಹೋಗಬಹುದು, ಹೇಗೆ ಯೋಜಿಸಬೇಕು?

— ಓದುಗರೊಬ್ಬರು, ಹ್ಯೂಸ್ಟನ್

ಉತ್ತರ: ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ನಿಮ್ಮನ್ನು ದಣಿಸಿದ್ದು ಡೈವ್ ಅಲ್ಲ. ಒಂದು ಡೈವ್ ಮುಗಿಯಲು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು, ಮತ್ತು ಆ ಹೊತ್ತಿನಲ್ಲಿ ದೇಹ ನೀರಿನಲ್ಲಿ ಹಗುರವಾಗಿರುತ್ತದೆ. ದಣಿವೆಲ್ಲವೂ ಅದರ ಹಿಂದೆ ಮುಂದೆ ಇರುವ ಕೆಲಸಗಳದು: ಅಲಾರಂ, ಚೀಲ ಹೊರುವುದು, ದೋಣಿಯಲ್ಲಿ ಎಲ್ಲರೂ ಸಿದ್ಧರಾಗುವವರೆಗೆ ಬಿಸಿಲಿನಲ್ಲಿ ಕಾಯುವುದು, ಮರಳಿ ಬಂದು ಮತ್ತೆ ಅದೇ ಸಾಮಾನನ್ನು ಬಿಚ್ಚಿ ತೊಳೆಯುವುದು. ಆದ್ದರಿಂದ ಸ್ಥಳವನ್ನು ಆಯ್ಕೆ ಮಾಡುವಾಗ ಅಲ್ಲಿನ ಮೀನುಗಳ ಚಿತ್ರ ನೋಡುವ ಮೊದಲು, ಮಲಗುವ ಕೋಣೆಯಿಂದ ನೀರಿಗೆ ಎಷ್ಟು ಹೆಜ್ಜೆ ಎಂದು ಕೇಳಿ. ಆ ಅಳತೆಯಿಂದ ನೋಡಿದರೆ ನಿಮಗೆ ನಾನು ಸೂಚಿಸುವುದು ಒಂದೇ ಹೆಸರು, ಬೊನೇರ್.

ವೆನೆಜುವೆಲಾದ ಕರಾವಳಿಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಈ ಪುಟ್ಟ ದ್ವೀಪ 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಗಿದೆ. ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್, ಆದ್ದರಿಂದ ಹಣ ಬದಲಿಸುವ ಕೆಲಸವೂ ಇಲ್ಲ. ದ್ವೀಪದ ಸುತ್ತಲಿನ ಕಡಲು, ದಡದಿಂದ 60 ಮೀಟರ್ ಆಳದವರೆಗೆ, 1979ರಿಂದಲೂ ಸಂರಕ್ಷಿತ ಸಾಗರ ಉದ್ಯಾನವಾಗಿದೆ. ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುವುದರಿಂದ ಪೂರ್ವದ ದಡದಲ್ಲಿ ಅಲೆ ಅಪ್ಪಳಿಸುತ್ತಿದ್ದರೂ ಪಶ್ಚಿಮದ ದಡ ಕೆರೆಯಂತೆ ಶಾಂತವಾಗಿರುತ್ತದೆ. ಹವಳದ ಇಳಿಜಾರು ಆ ಪಶ್ಚಿಮ ದಡಕ್ಕೆ ಅಂಟಿಕೊಂಡೇ ಇದೆ. ಕೆಲವು ನಿಮಿಷ ಈಜಿದರೆ ಸುಮಾರು ಹತ್ತು ಮೀಟರ್ ಆಳದಲ್ಲಿ ಅದರ ಅಂಚು ಸಿಗುತ್ತದೆ, ಅಲ್ಲಿಂದ ಅದು ಓರೆಯಾಗಿ ಮೂವತ್ತು ಮೀಟರಿನ ಆಚೆಗೂ ಇಳಿಯುತ್ತದೆ. ಓಪನ್ ವಾಟರ್ ಪ್ರಮಾಣಪತ್ರದ ಮಿತಿಯಾದ 18 ಮೀಟರಿನೊಳಗೆಯೇ ನೋಡಬೇಕಾದದ್ದರಲ್ಲಿ ಹೆಚ್ಚಿನದು ಸಿಗುವುದರಿಂದ ನಿಮಗೆ ಆಳದ ಆಸೆ ಹುಟ್ಟುವ ಪ್ರಮೇಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಬೊನೇರ್ ಎಂದರೆ ಯಾರನ್ನು ಕೇಳಿದರೂ ಪಿಕಪ್ ಟ್ರಕ್ಕಿನ ಕಥೆ ಹೇಳುತ್ತಾರೆ. ರಸ್ತೆಯ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿರುತ್ತವೆ, ಪ್ರತಿ ಕಲ್ಲಿನ ಮೇಲೂ ಡೈವ್ ತಾಣದ ಹೆಸರು ಬರೆದಿರುತ್ತದೆ. ಬಾಡಿಗೆ ಟ್ರಕ್ಕಿನ ಹಿಂದೆ ಟ್ಯಾಂಕುಗಳನ್ನು ಹಾಕಿಕೊಂಡು ಹೋಗಿ, ಇಷ್ಟವಾದ ಕಲ್ಲಿನ ಬಳಿ ನಿಲ್ಲಿಸಿ, ಅಲ್ಲಿಂದಲೇ ಕಡಲಿಗೆ ನಡೆಯುವುದು. ಯಾರ ವೇಳಾಪಟ್ಟಿಗೂ ಕಾಯಬೇಕಾಗಿಲ್ಲ ಎಂಬ ಅರ್ಥದಲ್ಲಿ ಇದು ಸುಲಭ, ನಿಜ. ಆದರೆ ಟ್ಯಾಂಕು, ಬಿಸಿಡಿ ಎಂಬ ಗಾಳಿ ತುಂಬುವ ತೇಲು ಜಾಕೆಟ್ಟು, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಎಲ್ಲ ಸೇರಿ ಬೆನ್ನ ಮೇಲೆ ಇಪ್ಪತ್ತು ಕಿಲೋಗೂ ಹೆಚ್ಚು ಭಾರವಾಗುತ್ತದೆ, ಮತ್ತು ಕಾಲ ಕೆಳಗಿರುವುದು ಮರಳಲ್ಲ, ಕಲ್ಲಾಗಿ ಗಟ್ಟಿಯಾದ ಹಳೆಯ ಹವಳ. ಅದು ಅಂಕುಡೊಂಕು, ಚೂಪು, ನೀರಿನಂಚಿನಲ್ಲಿ ಪಾಚಿಗಟ್ಟಿ ಜಾರುತ್ತದೆ. ಸಣ್ಣ ಅಲೆಯೊಂದು ಸರಿಯಾಗಿ ಮೊಣಕಾಲಿಗೆ ಬಡಿದರೆ ಆರೋಗ್ಯವಂತರೂ ತೂಗಾಡುತ್ತಾರೆ. ಸಾವಿರ ಮೆಟ್ಟಿಲು ಎಂಬ ಅರ್ಥದ ಹೆಸರಿರುವ ಪ್ರಸಿದ್ಧ ತಾಣದಲ್ಲಿ ನಿಜಕ್ಕೂ ಇರುವುದು ಸುಮಾರು ಎಪ್ಪತ್ತು ಮೆಟ್ಟಿಲು ಮಾತ್ರ, ಆದರೆ ಒದ್ದೆ ಸಾಮಾನು ಹೊತ್ತು ಅವನ್ನು ಹತ್ತುವಾಗ ಆ ಹೆಸರು ಸುಳ್ಳೆನಿಸುವುದಿಲ್ಲ. ನಿಮ್ಮ ಯಜಮಾನರ ಮೊಣಕಾಲಿಗೆ ಅದು ತಕ್ಕುದಲ್ಲ.

ಹಾಗಾಗಿ ನೀವು ಹುಡುಕಬೇಕಾದದ್ದು ಕಡಲಿಗೆ ಚಾಚಿದ ತನ್ನದೇ ಕಟ್ಟೆ, ತನ್ನದೇ ಏಣಿ, ಅದರ ಮುಂದೆಯೇ ಹವಳದ ದಿಬ್ಬ ಇರುವ ವಸತಿಯನ್ನು. ಇದಕ್ಕೆ ಹೌಸ್ ರೀಫ್ ಎನ್ನುತ್ತಾರೆ. ಮುಖ್ಯ ಪಟ್ಟಣವಾದ ಕ್ರಾಲೆಂಡೈಕ್‌ನ ಆಸುಪಾಸಿನಲ್ಲಿ ಇಂತಹ ವಸತಿಗಳು ಹಲವಾರಿವೆ. ಟ್ಯಾಂಕುಗಳು ಕಟ್ಟೆಯ ಪಕ್ಕದಲ್ಲಿ ಸಾಲಾಗಿ ನಿಂತಿರುತ್ತವೆ, ಸಾಮಾನು ತೊಳೆಯುವ ತೊಟ್ಟಿಯೂ ಬೀಗ ಹಾಕಿ ಒಣಗಲು ಬಿಡುವ ಕೋಣೆಯೂ ಅಲ್ಲಿಯೇ ಇರುತ್ತವೆ. ಅಂದರೆ ನಿಮ್ಮ ಸಾಮಾನು ವಾರವಿಡೀ ನಿಮ್ಮ ಮಲಗುವ ಕೋಣೆಯನ್ನು ಸೇರುವುದೇ ಇಲ್ಲ. ಕಾಯ್ದಿರಿಸುವ ಮೊದಲು ಪತ್ರ ಬರೆದು ನಾಲ್ಕು ವಿಷಯ ಕೇಳಿ: ನೀರಿಗಿಳಿಯಲು ಏಣಿಯೋ ಮೆಟ್ಟಿಲೋ, ಟ್ಯಾಂಕನ್ನು ಎಷ್ಟು ದೂರ ಹೊರಬೇಕು, ಸಿಬ್ಬಂದಿ ಕೇಳಿದರೆ ಬಿಸಿಡಿಯನ್ನು ನೀರಿನಲ್ಲಿಯೇ ತೊಡಿಸುತ್ತಾರೆಯೇ, ಹಿಂತಿರುಗುವಾಗ ಭಾರವನ್ನು ಮೇಲಿನಿಂದ ಎತ್ತಿಕೊಳ್ಳುತ್ತಾರೆಯೇ. ಮೊಣಕಾಲು ನೋವಿರುವವರಿಗೆ ಕೊನೆಯ ಎರಡು ಉತ್ತರಗಳೇ ಮುಖ್ಯ. ನೀರಿನಲ್ಲಿ ತೇಲುತ್ತಿರುವ ಬಿಸಿಡಿಯೊಳಗೆ ಕೈ ತೂರಿಸಿಕೊಳ್ಳುವುದನ್ನು ಕಲಿತವರಿಗೆ ಭಾರ ಹೊರುವ ಪ್ರಶ್ನೆಯೇ ಬರುವುದಿಲ್ಲ.

ಇದೇ ದಿಬ್ಬವನ್ನು ದಿನವೂ ನೋಡಿದರೆ ಬೇಸರವಾಗದೇ ಎಂದು ನೀವು ಕೇಳಬಹುದು. ನನ್ನ ಅನುಭವ ಇದಕ್ಕೆ ನೇರ ವಿರುದ್ಧವಾದದ್ದು. ಮೊದಲ ದಿನ ಎಲ್ಲವೂ ಬಣ್ಣದ ಜಾತ್ರೆಯಂತೆ ಕಾಣುತ್ತದೆ, ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೂರನೆಯ ದಿನಕ್ಕೆ ಕಟ್ಟೆಯ ಕಂಬದ ಬುಡದಲ್ಲಿರುವ ಹಾವುಮೀನು ಯಾವ ಬಿಲದಿಂದ ತಲೆ ಹಾಕುತ್ತದೆ ಎಂದು ಗೊತ್ತಾಗಿರುತ್ತದೆ. ಐದನೆಯ ದಿನ ಅದೇ ಬಿಲದ ಪಕ್ಕದಲ್ಲಿ ಹಳದಿ ಸ್ಪಂಜಿನೊಳಗೆ ಬಾಲ ಸುತ್ತಿಕೊಂಡು ಕುಳಿತ ಬೆರಳುದ್ದದ ಕಡಲ್ಗುದುರೆ ಕಾಣುತ್ತದೆ, ಮತ್ತು ಅದು ನಾಲ್ಕು ದಿನವೂ ಅಲ್ಲಿಯೇ ಇತ್ತೆಂದು ಆಗ ಹೊಳೆಯುತ್ತದೆ. ಸುಮ್ಮನೆ ನಿಂತು ಕಿವಿಗೊಟ್ಟರೆ ಗಿಳಿಮೀನುಗಳು ಹವಳವನ್ನು ಕಚ್ಚುವ ಕರಕರ ಸದ್ದು ಕೇಳಿಸುತ್ತದೆ. ಕತ್ತಲಾದ ಮೇಲೆ ಒಮ್ಮೆಯಾದರೂ ಟಾರ್ಚ್ ಹಿಡಿದು ಇಳಿಯಿರಿ. ಆಳೆತ್ತರದ ಬೆಳ್ಳಿ ಬಣ್ಣದ ಟಾರ್ಪನ್ ಮೀನುಗಳು ನಿಮ್ಮ ಭುಜದ ಪಕ್ಕದಲ್ಲಿಯೇ ಬರುತ್ತವೆ, ನಿಮ್ಮ ಬೆಳಕು ಸಣ್ಣ ಮೀನೊಂದರ ಮೇಲೆ ಬಿದ್ದ ಕ್ಷಣದಲ್ಲಿ ಅದನ್ನು ಹಿಡಿಯುತ್ತವೆ. ಮೊದಲ ಸಲ ಎದೆ ಝಲ್ಲೆನ್ನುತ್ತದೆ, ಆದರೆ ಅವಕ್ಕೆ ಬೇಕಿರುವುದು ನಿಮ್ಮ ಟಾರ್ಚು ಮಾತ್ರ.

ವಾರದ ಯೋಜನೆಯನ್ನು ಸಡಿಲವಾಗಿಡಿ. ಹ್ಯೂಸ್ಟನ್, ಮಿಯಾಮಿ, ಅಟ್ಲಾಂಟಾದಂತಹ ಊರುಗಳಿಂದ ನೇರ ವಿಮಾನಗಳಿವೆ, ಆದರೆ ಎಲ್ಲ ಕಡೆಯಿಂದಲೂ ದಿನವೂ ಹೊರಡುವುದಿಲ್ಲ, ಆದ್ದರಿಂದ ರಜೆಯ ದಿನಾಂಕಕ್ಕೆ ವಿಮಾನ ಹುಡುಕುವ ಬದಲು ವಿಮಾನದ ದಿನಕ್ಕೆ ರಜೆಯನ್ನು ಹೊಂದಿಸಿಕೊಳ್ಳಿ. ಶನಿವಾರ ತಲಪುವಿರಿ ಎಂದಿಟ್ಟುಕೊಂಡರೆ ಭಾನುವಾರ ಉದ್ಯಾನದ ನಿಯಮಗಳ ಪರಿಚಯ ಮತ್ತು ಕಡ್ಡಾಯವಾದ ಮೊದಲ ಪರೀಕ್ಷಾ ಡೈವ್ ಇರುತ್ತದೆ. ಅದನ್ನು ಕಾಟವೆಂದುಕೊಳ್ಳದೆ ನೀವು ಕಟ್ಟಿಕೊಳ್ಳುವ ಸೀಸದ ತೂಕ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಬಳಸಿ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ದೋಣಿಯಲ್ಲಿ ಕ್ಲೈನ್ ಬೊನೇರ್ ಎಂಬ ಜನವಸತಿಯಿಲ್ಲದ ಚಿಕ್ಕ ದ್ವೀಪಕ್ಕೆ ಹೋಗಿ ಬನ್ನಿ. ಅದು ಎದುರಿಗೇ ಇದೆ, ಪ್ರಯಾಣ ಕೆಲವೇ ನಿಮಿಷಗಳದು. ಉಳಿದದ್ದು ಕಟ್ಟೆಯ ಮುಂದಿನ ಡೈವ್. ದಿನಕ್ಕೆ ಎರಡು ಸಾಕು. ಎಷ್ಟು ಬೇಕಾದರೂ ಟ್ಯಾಂಕ್ ಬಳಸಬಹುದೆಂಬ ಪ್ಯಾಕೇಜು ಕೈಯಲ್ಲಿದ್ದಾಗ ಮೂರು, ನಾಲ್ಕು ಎಂದು ಹೋಗುವ ಮನಸ್ಸಾಗುತ್ತದೆ. ಅಲ್ಲಿಂದಲೇ ದಣಿವು ಶುರುವಾಗುತ್ತದೆ, ದೇಹದಲ್ಲಿ ಕರಗಿದ ಸಾರಜನಕವೂ ಕೂಡಿಕೊಳ್ಳುತ್ತಾ ಹೋಗುತ್ತದೆ.

ಬುಧವಾರ ನೀರಿಗೆ ಇಳಿಯಬೇಡಿ. ಅಂದು ಒಂದು ದಿನದ ಮಟ್ಟಿಗೆ ವಾಹನ ಬಾಡಿಗೆಗೆ ಪಡೆದು ದ್ವೀಪದ ದಕ್ಷಿಣ ತುದಿಗೆ ಹೋಗಿ. ಗುಲಾಬಿ ಬಣ್ಣದ ಉಪ್ಪಿನ ಗದ್ದೆಗಳು, ಬಿಳಿಯ ಉಪ್ಪಿನ ಗುಡ್ಡಗಳು, ದೂರದಲ್ಲಿ ಫ್ಲೆಮಿಂಗೊ ಹಿಂಡುಗಳು ಕಾಣುತ್ತವೆ. ದಡದಲ್ಲಿ ಕಲ್ಲಿನ ಪುಟ್ಟ ಗುಡಿಸಲುಗಳ ಸಾಲಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಉಪ್ಪು ತೆಗೆಯುತ್ತಿದ್ದ ಗುಲಾಮರು ರಾತ್ರಿ ಮಲಗಲೆಂದು ಕಟ್ಟಿದವು ಅವು. ಬಾಗಿಲು ಎಷ್ಟು ತಗ್ಗೆಂದರೆ ಒಳಗೆ ಹೋಗಲು ದೊಡ್ಡವರು ಬಹಳ ಬಗ್ಗಬೇಕು. ಡಚ್ಚರ ಕೆರಿಬಿಯನ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ. ಆ ಬಾಗಿಲ ಮುಂದೆ ಐದು ನಿಮಿಷ ನಿಲ್ಲದೆ ಬರಬೇಡಿ. ಅಲ್ಲಿಯೇ ಹತ್ತಿರ ಉಪ್ಪು ತುಂಬುವ ಹಡಗುಗಳ ಕಟ್ಟೆಯಿದೆ. ಅದರ ಕಂಬಗಳ ನಡುವಿನ ಡೈವ್ ದ್ವೀಪದ ಅತಿ ಸುಂದರ ಡೈವ್‌ಗಳಲ್ಲೊಂದು, ಹಡಗು ನಿಂತಿದ್ದರೆ ಇಳಿಯಲು ಬಿಡುವುದಿಲ್ಲ. ವಾಹನವನ್ನು ಎಲ್ಲಿ ನಿಲ್ಲಿಸಿದರೂ ಒಳಗೆ ಹಣ, ಫೋನು, ಪಾಸ್‌ಪೋರ್ಟ್ ಏನನ್ನೂ ಬಿಡಬೇಡಿ, ನಿಲ್ಲಿಸಿದ ಟ್ರಕ್ಕುಗಳಲ್ಲಿ ಕಳ್ಳತನ ಅಲ್ಲಿನ ಹಳೆಯ ದೂರು.

ಶುಕ್ರವಾರ ಮಧ್ಯಾಹ್ನದೊಳಗೆ ಡೈವ್ ಮುಗಿಸಿಬಿಡಿ. ದೇಹದಲ್ಲಿ ಕರಗಿದ ಆ ಸಾರಜನಕ ಹೊರಹೋಗಲೆಂದು, ಹಲವು ದಿನ ಸತತವಾಗಿ ಡೈವ್ ಮಾಡಿದವರು ವಿಮಾನ ಏರುವ ಮೊದಲು ಕನಿಷ್ಠ 18 ಗಂಟೆ ಬಿಡುವು ಕೊಡಬೇಕೆಂಬುದು ಡೈವ್ ವೈದ್ಯಕೀಯದ ಒಪ್ಪಿತ ಸಲಹೆ. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಡಿ, ಸಾಮಾನೂ ಒಣಗುತ್ತದೆ.

ಓಡಾಟ ಕಡಿಮೆ ಮಾಡುವುದೆಂದರೆ ಸಿದ್ಧತೆ ಕಡಿಮೆ ಮಾಡುವುದಲ್ಲ. ಶ್ರಮವನ್ನು ರಜೆಯ ವಾರದಿಂದ ತೆಗೆದು ಅದರ ಹಿಂದಿನ ತಿಂಗಳಿಗೆ ಹಾಕಬೇಕು. ಎರಡು ವರ್ಷ ನೀರಿನಿಂದ ದೂರವಿದ್ದ ನೀವಿಬ್ಬರೂ ಹ್ಯೂಸ್ಟನ್‌ನಲ್ಲಿಯೇ ಈಜುಕೊಳದಲ್ಲಿ ಒಂದು ಸಂಜೆಯ ಪುನರಭ್ಯಾಸ ಮಾಡಿಕೊಳ್ಳಿ. ಮಾಸ್ಕಿನ ನೀರು ಹೊರಹಾಕುವುದು, ಟ್ಯಾಂಕಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಂದ ಜಾರಿದರೆ ಹುಡುಕಿ ಹಿಡಿಯುವುದು, ಕೈಕಾಲು ಬಡಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದು, ಇವು ಮೂರೂ ಕೈಗೆ ಮರಳಿ ಬರಬೇಕು. ಡೈವ್ ಅಂಗಡಿಗಳು ಕೊಡುವ ಆರೋಗ್ಯ ಪ್ರಶ್ನಾವಳಿಯನ್ನು ಮನೆಯಲ್ಲಿಯೇ ಓದಿ. 45 ದಾಟಿದವರಿಗೆ ಅದರಲ್ಲಿ ರಕ್ತದೊತ್ತಡ, ಕೊಲೆಸ್ಟರಾಲ್ ಮೊದಲಾದವುಗಳ ಬಗ್ಗೆ ಪ್ರತ್ಯೇಕ ಪ್ರಶ್ನೆಗಳಿವೆ, ಯಾವುದಕ್ಕಾದರೂ ಹೌದು ಎಂದು ಬರೆದರೆ ವೈದ್ಯರ ಸಹಿ ಬೇಕಾಗುತ್ತದೆ. ದ್ವೀಪದಲ್ಲಿ ಇಳಿದ ಮೇಲೆ ಆ ಸಹಿಗಾಗಿ ಅಲೆಯುವುದು ಎಷ್ಟು ಬೇಸರದ ಕೆಲಸ! ಸುಳ್ಳು ಉತ್ತರ ಬರೆಯುವ ಯೋಚನೆಯನ್ನಂತೂ ಮಾಡಬೇಡಿ. ಡೈವ್ ಅಪಘಾತವನ್ನು ಒಳಗೊಳ್ಳುವ ಪ್ರತ್ಯೇಕ ವಿಮೆ ಮಾಡಿಸಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ಕ್ರಾಲೆಂಡೈಕ್‌ನ ಆಸ್ಪತ್ರೆಯಲ್ಲಿ ಡೈವ್ ಅಪಘಾತಕ್ಕೆ ಒತ್ತಡದ ಗಾಳಿಯಲ್ಲಿ ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ಇದೆ ಎಂಬುದು ಸಮಾಧಾನದ ವಿಷಯ, ಆದರೆ ಅದರ ಚಿಕಿತ್ಸೆ ದುಬಾರಿ.

ಸ್ವಂತದ್ದೆಂದು ಮಾಸ್ಕ್, ಗಟ್ಟಿ ಅಡಿಯ ಬೂಟು, ಡೈವ್ ಕಂಪ್ಯೂಟರ್ ಇಷ್ಟನ್ನು ಒಯ್ದರೆ ಸಾಕು, ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ನೀರು 26ರಿಂದ 29 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ತೆಳುವಾದ ವೆಟ್‌ಸೂಟ್ ಸಾಕು. ಉದ್ಯಾನದ ಶುಲ್ಕ ಈಚಿನ ವರ್ಷಗಳಲ್ಲಿ ಒಬ್ಬರಿಗೆ 40 ಡಾಲರ್, ಪ್ರವೇಶ ತೆರಿಗೆ 75 ಡಾಲರ್ ಇದೆ. ಎರಡನ್ನೂ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಬಹುದು.

ಒಂದು ಮಾತನ್ನು ನನ್ನ ಸ್ವಂತ ನಷ್ಟದಿಂದ ಹೇಳುತ್ತೇನೆ. ವರ್ಷಗಳ ಹಿಂದೆ ಇಂತಹದೇ ಒಂದು ಪ್ರವಾಸದ ಎರಡನೆಯ ದಿನ ನನಗೆ ಸಣ್ಣ ನೆಗಡಿಯಿತ್ತು. ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಇಳಿದೆ. ಐದು ಮೀಟರಿನಲ್ಲಿ ಎಡಗಿವಿ ತೆರೆಯಲಿಲ್ಲ, ಮೂಗು ಹಿಡಿದು ಜೋರಾಗಿ ಊದಿದೆ, ಒಳಗೆ ಏನೋ ಹರಿದಂತಹ ನೋವು. ಉಳಿದ ನಾಲ್ಕು ದಿನ ದಡದಲ್ಲಿ ಕುಳಿತೆ, ಕಿವಿ ಸರಿಯಾಗಲು ತಿಂಗಳಾಯಿತು. ಅಂದು ಒಂದು ಡೈವ್ ಬಿಟ್ಟಿದ್ದರೆ ಎಂಟು ಡೈವ್ ಉಳಿಯುತ್ತಿದ್ದವು. ಕಿವಿ ಒಪ್ಪದ ದಿನ ಇಳಿಯಬೇಡಿ.

ಋತುವಿನ ಬಗ್ಗೆ: ಕೆರಿಬಿಯನ್‌ನಲ್ಲಿ ಚಂಡಮಾರುತಗಳ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಬೊನೇರ್ ಅವುಗಳ ಸಾಮಾನ್ಯ ಹಾದಿಗಿಂತ ದಕ್ಷಿಣದಲ್ಲಿರುವುದರಿಂದ ಆ ತಿಂಗಳುಗಳಲ್ಲಿಯೂ ಹೋಗಬಹುದು, ದರವೂ ಕಡಿಮೆಯಿರುತ್ತದೆ. ಆದರೂ ಪೂರ್ಣ ಅಭಯವೆಂದು ತಿಳಿಯಬಾರದು. 1999ರ ನವೆಂಬರ್‌ನಲ್ಲಿ ಲೆನ್ನಿ ಎಂಬ ಚಂಡಮಾರುತ ಪಶ್ಚಿಮದಿಂದ ಪೂರ್ವಕ್ಕೆ ಹಿಮ್ಮುಖವಾಗಿ ಸಾಗಿ, ದೂರದಿಂದಲೇ ಎಬ್ಬಿಸಿದ ಅಲೆಗಳಿಂದ ಈ ಶಾಂತ ಪಶ್ಚಿಮ ದಡದ ಹವಳವನ್ನು ಒಡೆದುಹಾಕಿತ್ತು.

ಬೊನೇರ್ ಒಗ್ಗದಿದ್ದರೆ ಎರಡನೆಯ ಆಯ್ಕೆ ಮೆಕ್ಸಿಕೊದ ಕೊಸುಮೆಲ್. ಅಲ್ಲಿ ಪ್ರವಾಹವೇ ನಿಮ್ಮನ್ನು ಹವಳದ ಗೋಡೆಯ ಉದ್ದಕ್ಕೂ ಒಯ್ಯುತ್ತದೆ, ದೋಣಿ ಮೇಲಿನಿಂದ ಹಿಂಬಾಲಿಸಿ ಬಂದು ಎದ್ದಲ್ಲಿಯೇ ಹತ್ತಿಸಿಕೊಳ್ಳುತ್ತದೆ, ಕಾಲಿಗೆ ಕೆಲಸವೇ ಇಲ್ಲ. ಆದರೆ ದೋಣಿಯ ಗಂಟೆಗೆ ನೀವು ಹೊಂದಿಕೊಳ್ಳಬೇಕು, ಪ್ರವಾಹದಲ್ಲಿ ಒಂದೇ ಮಟ್ಟದಲ್ಲಿ ಉಳಿಯುವ ಹತೋಟಿ ಬೇಕು. ಬೆಲೀಜ್‌ನ ನೂರಿಪ್ಪತ್ತು ಮೀಟರಿಗೂ ಹೆಚ್ಚು ಆಳದ ಗ್ರೇಟ್ ಬ್ಲೂ ಹೋಲ್ ನಿಮ್ಮ ಈ ರಜೆಗೆ ಬೇಡ. ದೂರದ ದೋಣಿ ಪ್ರಯಾಣ, ಆಳದ ಡೈವ್, ಹದಿನಾಲ್ಕು ಡೈವ್‌ಗಳ ಅನುಭವಕ್ಕೆ ಯಾವುದೂ ಹೊಂದುವುದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಿಂದ ಬೊನೇರ್‌ಗೆ ಹೋಗಬೇಕೆಂದಿದ್ದೇವೆ. ಡೈವ್ ಮಾಡುವವಳು ನಾನೊಬ್ಬಳೇ. ಜೊತೆಗೆ ಪತಿ, ಒಂಬತ್ತು ವರ್ಷದ ಮಗ ಮತ್ತು ಊರಿನಿಂದ ಬಂದಿರುವ 68 ವರ್ಷದ ಅತ್ತೆ ಬರುತ್ತಾರೆ. ಅತ್ತೆ ಶುದ್ಧ ಸಸ್ಯಾಹಾರಿ. ನನ್ನ ಹವ್ಯಾಸಕ್ಕಾಗಿ ಅವರನ್ನೆಲ್ಲ ದಡದಲ್ಲಿ ಕೂರಿಸಿದಂತೆ ಆಗುವುದಿಲ್ಲವೇ?

— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಹೌಸ್ ರೀಫ್ ಇರುವ ವಸತಿ ನಿಮಗೆ ಇನ್ನೂ ಹೆಚ್ಚು ಉಪಯೋಗ, ಏಕೆಂದರೆ ಮನೆಯವರು ತಿಂಡಿ ಮುಗಿಸುವ ಹೊತ್ತಿಗೆ ನೀವು ಒಂದು ಡೈವ್ ಮುಗಿಸಿ ಬಂದಿರಬಹುದು. ಒಬ್ಬರೇ ಇಳಿಯಬೇಡಿ. ಜೊತೆಗಾರರನ್ನೋ ಮಾರ್ಗದರ್ಶಕರನ್ನೋ ಒದಗಿಸುವಂತೆ ಮೊದಲೇ ಕೇಳಿಡಿ.

ಮಗನಿಗೂ ಪತಿಗೂ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವ ಸ್ನಾರ್ಕೆಲ್ ಸಾಕು, ದಡದ ಹತ್ತಿರದ ಎದೆಯಾಳದ ನೀರಿನಲ್ಲಿಯೇ ಗಿಳಿಮೀನುಗಳು ಕಾಣುತ್ತವೆ. ಮಗನಿಗೆ ತೇಲುವ ಜಾಕೆಟ್ ತೊಡಿಸಿ. ಅವನಿಗೆ ಹತ್ತು ತುಂಬಿದ ಮೇಲೆ ಮಕ್ಕಳ ಓಪನ್ ವಾಟರ್ ತರಬೇತಿಗೆ ಸೇರಿಸಬಹುದು. ದ್ವೀಪದ ಪೂರ್ವದಲ್ಲಿರುವ ಲಾಕ್ ಕೊಲ್ಲಿಯ ನೀರು ಬಹಳ ದೂರದವರೆಗೆ ಸೊಂಟದಷ್ಟೇ ಆಳ, ತಳದಲ್ಲಿ ಮರಳು. ಅತ್ತೆಯವರು ಕುರ್ಚಿ ಹಾಕಿಕೊಂಡು ಕಾಲು ನೆನೆಸುತ್ತಾ, ಎದುರಿಗೆ ಗಾಳಿಹಾಯಿ ಹಲಗೆಗಳು ಓಡುವುದನ್ನು ನೋಡುತ್ತಾ ಬೆಳಗನ್ನು ಕಳೆಯಬಹುದು. ಅಲ್ಲಿಯೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ ವಿಹಾರವೂ ಇದೆ. ಕುಂದಾಪುರ, ಹೊನ್ನಾವರದ ಹಿನ್ನೀರಿನ ಕಾಂಡ್ಲಾ ನೋಡಿದವರಾದರೆ ಅವರೇ ನಿಮಗೆ ಬೇರುಗಳನ್ನು ತೋರಿಸಿ ಹೇಳಿಯಾರು.

ಊಟಕ್ಕೆ ಅಡುಗೆಮನೆಯಿರುವ ಮನೆಯನ್ನೇ ಹಿಡಿಯಿರಿ. ಪಟ್ಟಣದ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತವೆ, ಆದರೆ ಎಲ್ಲವೂ ಹಡಗಿನಲ್ಲಿ ಬರುವುದರಿಂದ ಬೆಲೆ ಹೆಚ್ಚು. ಸಾರಿನ ಪುಡಿ, ಹುಳಿಪುಡಿ, ಸಣ್ಣದೊಂದು ಕುಕ್ಕರ್ ಜೊತೆಯಲ್ಲಿರಲಿ. ಮೆಕ್ಕೆಜೋಳದ ಹಿಟ್ಟನ್ನು ಗೊಟಾಯಿಸಿ ಮಾಡುವ ಫುಂಚಿ ಎಂಬ ಸ್ಥಳೀಯ ಅಡುಗೆ ನಮ್ಮ ಮುದ್ದೆಯ ದೂರದ ಬಂಧುವಿನಂತಿದೆ, ಜೊತೆಗೆ ಮಾಂಸ ಬೇಡವೆಂದು ಮೊದಲೇ ತಿಳಿಸಿ. ದ್ವೀಪದವರ ಮಾತು ಪಾಪಿಯಮೆಂಟು. ಮಾಶಾ ಡಂಕಿ ಎಂದರೆ ಬಹಳ ಧನ್ಯವಾದ. ಮಗನಿಗೆ ಇದನ್ನು ಕಲಿಸಿ, ಅಂಗಡಿಯವರ ಮುಖ ಅರಳುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವ ಅತ್ತೆಯವರ ವೀಸಾ ವಿಚಾರವನ್ನು ಟಿಕೆಟ್ ಕೊಳ್ಳುವ ಮೊದಲೇ ನೆದರ್ಲೆಂಡ್ಸ್ ದೂತಾವಾಸದ ಮಾಹಿತಿಯಿಂದ ಖಚಿತಪಡಿಸಿಕೊಳ್ಳಿ. ಅಮೆರಿಕಕ್ಕೆ ಮರಳಿ ಬರಬೇಕಾಗಿರುವುದರಿಂದ ಅವರ ಅಮೆರಿಕದ ವೀಸಾ ಹಲವು ಪ್ರವೇಶಗಳಿಗೆ ಸಲ್ಲುವಂತಹದೇ ಎಂದೂ ನೋಡಿ.

ಪ್ರಶ್ನೆ: ಕೆರಿಬಿಯನ್‌ನ ಹವಳಕ್ಕೆ ರೋಗ ಬಂದಿದೆಯೆಂದು ಓದಿದೆ. ಡೈವ್ ಮಾಡುವವರೇ ಅದನ್ನು ಹರಡುತ್ತಾರೆಯೇ? ಹಾಗಿದ್ದರೆ ಹೋಗುವುದು ತಪ್ಪಲ್ಲವೇ? ಬೆಂಗಳೂರಿನಿಂದ ಒಂದು ವಾರಕ್ಕೆ ಹೋಗಿಬರುವ ಆಲೋಚನೆಯಿತ್ತು.

— ಓದುಗರೊಬ್ಬರು, ಬೆಂಗಳೂರು

ಉತ್ತರ: ಗಟ್ಟಿ ಹವಳದ ಜೀವಂತ ಪದರವನ್ನೇ ಕರಗಿಸುವ ರೋಗವೊಂದು 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಾಣಿಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಹರಡಿ, 2023ರಲ್ಲಿ ಬೊನೇರ್ ತಲಪಿತು. ನೂರಾರು ವರ್ಷ ಬೆಳೆದ ಮಿದುಳಿನಾಕಾರದ ಹವಳ ಕೆಲವೇ ವಾರಗಳಲ್ಲಿ ಬೆಳ್ಳಗಿನ ಅಸ್ಥಿಯಾಗುವುದನ್ನು ನೋಡಿದವರಿಗೆ ಅದನ್ನು ಮರೆಯಲಾಗುವುದಿಲ್ಲ. ರೋಗ ಮುಖ್ಯವಾಗಿ ನೀರಿನ ಮೂಲಕ ಹರಡುತ್ತದೆ. ಒದ್ದೆ ಸಾಮಾನಿನ ಮೂಲಕವೂ ಸಾಗಬಹುದೆಂಬ ಕಾಳಜಿಯಿಂದ ಸಾಮಾನನ್ನು ಸೋಂಕುನಿವಾರಕದಲ್ಲಿ ಅದ್ದಿ ತೊಳೆಯಲು ಹೇಳುತ್ತಾರೆ, ಕೆಲವೊಮ್ಮೆ ಕೆಲವು ತಾಣಗಳನ್ನು ಮುಚ್ಚುತ್ತಾರೆ. ಎರಡನ್ನೂ ಚಾಚೂ ತಪ್ಪದೆ ಪಾಲಿಸಿ. ಬೊನೇರ್‌ನಲ್ಲಿ ಕೈಗವಸು ತೊಡುವಂತಿಲ್ಲ, ಏಕೆಂದರೆ ಕೈ ಬರಿದಾಗಿದ್ದರೆ ಯಾರೂ ಹವಳವನ್ನು ಹಿಡಿಯುವುದಿಲ್ಲ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಮಾರಾಟಕ್ಕೂ 2021ರಿಂದ ನಿಷೇಧವಿದೆ, ಮನೆಯಿಂದ ಒಯ್ಯುವ ಡಬ್ಬಿಯ ಹಿಂಬದಿಯನ್ನು ಓದಿ. ಹೋಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ಉದ್ಯಾನವನ್ನು ಕಾಯುವ ಹಣದಲ್ಲಿ ದೊಡ್ಡ ಪಾಲು ಬರುವುದು ಡೈವ್ ಮಾಡುವವರ ಶುಲ್ಕದಿಂದಲೇ.

ಆದರೆ ಬೆಂಗಳೂರಿನಿಂದ ಒಂದು ವಾರಕ್ಕೆ ಬೇಡ. ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋದರೂ ಒಂದೊಂದು ದಿಕ್ಕಿಗೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಗಡಿಯಾರ ಒಂಬತ್ತೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ, ನಿದ್ದೆಗೆಟ್ಟ ದೇಹವನ್ನು ನೀರಿಗಿಳಿಸುವುದೂ ಸರಿಯಲ್ಲ. ಅಮೆರಿಕದಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವ ಮಕ್ಕಳನ್ನು ನೋಡಲು ಹೋದಾಗ ಹತ್ತು ದಿನ ಸೇರಿಸಿಕೊಳ್ಳುವುದಾದರೆ ಹೋಗಿ ಬನ್ನಿ. ಇಲ್ಲವಾದರೆ ಅಂಡಮಾನಿನ ಸ್ವರಾಜ್ ದ್ವೀಪವಿದೆ, ದಿಬ್ಬ ಬಾಗಿಲಲ್ಲಿಯೇ ಬೇಕೆಂದರೆ ಮಾಲ್ಡೀವ್ಸ್‌ನ ವಸತಿ ದ್ವೀಪಗಳಿವೆ. ಒಂದೇ ವಾರಾಂತ್ಯದ ಬಿಡುವಿದ್ದರೆ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಡಿಸೆಂಬರ್ ಜನವರಿಯ ಹೊತ್ತಿಗೆ ಮುರುಡೇಶ್ವರದ ರೈಲು ಹತ್ತಿ.